ಸಣ್ಣ ಬಯೋಟೆಕ್ ಕಂಪನಿಯ ಖಾತೆಯಲ್ಲಿರುವ ಹಣ ಯಾರದು?

ಸಣ್ಣ ಬಯೋಟೆಕ್ ಕಂಪನಿಯೊಂದರ ಷೇರು ಕೊಳ್ಳುವಾಗ ಅದರ ಔಷಧ ಸೋಲಬಹುದೆಂಬುದು ನನಗೆ ತಿಳಿದೇ ಇತ್ತು. ಮನುಷ್ಯರ ಮೇಲಿನ ಮೊದಲ ಹಂತದ ಪ್ರಯೋಗಕ್ಕೆ ಬರುವ ಹತ್ತು ಔಷಧಗಳಲ್ಲಿ ಕೊನೆಗೆ ಅನುಮೋದನೆ ಪಡೆಯುವುದು ಸುಮಾರು ಒಂದು ಮಾತ್ರ. ಉಳಿದವು ಸೋತರೆ ಅದಕ್ಕಾಗಿ ಯಾರನ್ನೂ ದೂರುವಂತಿಲ್ಲ. ಆದರೆ ನನ್ನ ಹಣದ ದೊಡ್ಡ ಪಾಲು ಕರಗಿದ್ದು ಸೋಲಿನ ದಿನವಲ್ಲ, ಅದರ ನಂತರದ ಎರಡು ವರ್ಷಗಳಲ್ಲಿ.

ಆ ಕಂಪನಿಯ ಹೆಸರು ಇಲ್ಲಿ ಬೇಡ. ಅದರ ಏಕೈಕ ಔಷಧ ಎರಡನೇ ಹಂತದ ಪ್ರಯೋಗದಲ್ಲಿ ವಿಫಲವಾದಾಗ ಷೇರಿನ ಬೆಲೆ ಎಷ್ಟು ಕುಸಿಯಿತೆಂದರೆ, ಎಲ್ಲ ಷೇರುಗಳ ಒಟ್ಟು ಮೌಲ್ಯವು ಕಂಪನಿಯ ಬಳಿಯಿದ್ದ ನಗದಿಗಿಂತಲೂ ಕಡಿಮೆಯಾಯಿತು. ಉಳಿದ ಹಣ ಷೇರುದಾರರ ಕೈಗೆ ಮರಳುವುದಿಲ್ಲ, ಆಡಳಿತದವರೇ ಅದನ್ನು ಖರ್ಚು ಮಾಡಿ ಮುಗಿಸುತ್ತಾರೆ ಎಂಬ ಮಾರುಕಟ್ಟೆಯ ಅನುಮಾನ ಆ ಬೆಲೆಯಲ್ಲಿಯೇ ಅಡಗಿತ್ತು, ಮತ್ತು ಅದು ನಿಜವಾಯಿತು. ಕಂಪನಿಯನ್ನು ಮುಚ್ಚಿ ನಗದನ್ನು ಹಂಚಬಹುದೇ ಎಂದು ನಿರ್ದೇಶಕ ಮಂಡಳಿ ಯೋಚಿಸಿದ ಕುರುಹು ಯಾವ ವರದಿಯಲ್ಲೂ ಕಾಣಲಿಲ್ಲ. ನಿರ್ದೇಶಕರೊಬ್ಬರಿಗೆ ಸೇರಿದ ಸಲಹಾ ಸಂಸ್ಥೆಗೆ ಗುತ್ತಿಗೆ ಸಿಕ್ಕಿತು. ಹೊರಗಿನಿಂದ ಇನ್ನೊಂದು ಔಷಧದ ಹಕ್ಕನ್ನು ಕೊಂಡು, ಅದರ ಖರ್ಚಿಗೆಂದು ವಾರಂಟ್‌ಗಳ (ಮುಂದೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕುಪತ್ರಗಳ) ಸಮೇತ ಹೊಸ ಷೇರುಗಳನ್ನು ಅಗ್ಗಕ್ಕೆ ಮಾರಲಾಯಿತು. ಮುಖ್ಯಸ್ಥರಿಗೆ ಸಂಭಾವನೆಯ ಭಾಗವಾಗಿ ಕೊಟ್ಟಿದ್ದ ಆಪ್ಷನ್‌ಗಳ, ಅಂದರೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕುಗಳ, ಬೆಲೆಯನ್ನು ಕುಸಿದ ಮಟ್ಟಕ್ಕೆ ಇಳಿಸಿದ್ದಂತೂ ನನಗೆ ತೀರಾ ಅನ್ಯಾಯವೆನಿಸಿತು, ಏಕೆಂದರೆ ಅದೇ ಕುಸಿತದ ನಷ್ಟವನ್ನು ಷೇರುದಾರರು ಪೂರ್ತಿಯಾಗಿ ಹೊರಬೇಕಾಗಿತ್ತು.

ಹೊಸ ಷೇರುಗಳ ಪೆಟ್ಟು ಮೊದಲಿಗೆ ಕಣ್ಣಿಗೆ ಬೀಳುವುದಿಲ್ಲ. ಒಂದು ಕೋಟಿ ಷೇರುಗಳಿರುವ ಕಂಪನಿಯಲ್ಲಿ ಒಂದು ಲಕ್ಷ ಷೇರು ಇಟ್ಟುಕೊಂಡವರ ಪಾಲು ಶೇ 1. ಇನ್ನೂ ಮೂರು ಕೋಟಿ ಷೇರುಗಳು ಹೊರಬಂದರೆ ಅದು ಶೇ 0.25ಕ್ಕೆ ಇಳಿಯುತ್ತದೆ, ಖಾತೆಯಲ್ಲಿ ಮಾತ್ರ ಅದೇ ಒಂದು ಲಕ್ಷ ಕಾಣುತ್ತಿರುತ್ತದೆ. ಅಮೆರಿಕದ ಷೇರುಪೇಟೆ ನ್ಯಾಸ್‌ಡ್ಯಾಕ್‌ನಲ್ಲಿ ಷೇರಿನ ಬೆಲೆ ಸತತ 30 ವಹಿವಾಟು ದಿನ 1 ಡಾಲರ್‌ಗಿಂತ ಕೆಳಗಿದ್ದರೆ ಕಂಪನಿಗೆ ನೋಟಿಸ್ ಬರುತ್ತದೆ. ಆಗ ಅನೇಕ ಷೇರುಗಳನ್ನು ಒಂದಾಗಿ ಸೇರಿಸಿ ಬೆಲೆಯನ್ನು ಮೇಲೆತ್ತುವ ರಿವರ್ಸ್ ಸ್ಪ್ಲಿಟ್‌ಗೆ ನಮ್ಮ ಮತ ಕೇಳುತ್ತಾರೆ. ಬಹುಪಾಲು ಜನ ಗಮನಿಸದ ಸಂಗತಿಯೆಂದರೆ, ಷೇರುಗಳ ಸಂಖ್ಯೆ ಇಳಿದರೂ ಕಂಪನಿ ಹೊರಡಿಸಬಹುದಾದ ಷೇರುಗಳ ಗರಿಷ್ಠ ಮಿತಿಯನ್ನು ಅದೇ ಪ್ರಮಾಣದಲ್ಲಿ ಇಳಿಸದಿದ್ದರೆ, ಮುಂದೆ ಇನ್ನಷ್ಟು ಷೇರು ಮಾರಲು ಮಂಡಳಿಗೆ ದೊಡ್ಡ ಅವಕಾಶ ತೆರೆದುಕೊಳ್ಳುತ್ತದೆ.

ಔಷಧ ಒಳ್ಳೆಯದಿದ್ದರೂ ಆಡಳಿತ ಕೆಟ್ಟರೆ ಏನಾಗುತ್ತದೆಂಬುದಕ್ಕೆ ಇಮ್‌ಕ್ಲೋನ್ ಕಂಪನಿಯ ಕಥೆಯನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. 2001ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದರ ಎರ್ಬಿಟಕ್ಸ್ ಎಂಬ ಕ್ಯಾನ್ಸರ್ ಔಷಧದ ಅರ್ಜಿಯನ್ನು ಪರಿಶೀಲನೆಗೇ ತೆಗೆದುಕೊಳ್ಳಲಿಲ್ಲ. ಆ ಸುದ್ದಿ ಹೊರಬೀಳುವ ಮುನ್ನವೇ ಮುಖ್ಯಸ್ಥ ಸ್ಯಾಮ್ ವಾಕ್ಸಲ್ ಅದನ್ನು ಕುಟುಂಬದವರಿಗೆ ತಿಳಿಸಿದ್ದರು, ಅವರು ತಮ್ಮ ಷೇರುಗಳನ್ನು ಮಾರಿದ್ದರು. 2003ರಲ್ಲಿ ಅವರಿಗೆ ಏಳು ವರ್ಷಕ್ಕೂ ಹೆಚ್ಚಿನ ಸೆರೆವಾಸದ ಶಿಕ್ಷೆಯಾಯಿತು. ಅದೇ ಎರ್ಬಿಟಕ್ಸ್‌ಗೆ 2004ರಲ್ಲಿ ಅನುಮೋದನೆ ದೊರೆಯಿತು, 2008ರಲ್ಲಿ ಎಲಿ ಲಿಲ್ಲಿ ಎಂಬ ದೊಡ್ಡ ಔಷಧ ಕಂಪನಿ ಷೇರಿಗೆ 70 ಡಾಲರ್‌ನಂತೆ ಇಡೀ ಕಂಪನಿಯನ್ನು ಕೊಂಡುಕೊಂಡಿತು. ನಡುವೆ ಷೇರಿನ ಬೆಲೆ ಕುಸಿದಾಗ ಹೆದರಿ ಮಾರಿದ ಸಾಮಾನ್ಯ ಷೇರುದಾರರಿಗೆ ಇದರಲ್ಲಿ ಏನೂ ಸಿಗಲಿಲ್ಲ.

ನನ್ನ ಕಂಪನಿಯ ನಿರ್ದೇಶಕರನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಗಿದ್ದು, ವರ್ಷಕ್ಕೆ ಒಂದು ಗುಂಪು ಮಾತ್ರ ಮರುಚುನಾವಣೆಗೆ ನಿಲ್ಲುತ್ತದೆ. ಹಾಗಾಗಿ ಷೇರುದಾರರೆಲ್ಲರೂ ಒಗ್ಗೂಡಿದರೂ ಮಂಡಳಿಯ ಬಹುಮತವನ್ನು ಬದಲಿಸಲು ಎರಡು ವಾರ್ಷಿಕ ಸಭೆಗಳು ಬೇಕು, ಅಷ್ಟರಲ್ಲಿ ಉಳಿದ ನಗದೂ ಮುಗಿದಿರುತ್ತದೆ. ಆದರೂ ಈ ವರ್ಷ ನಿಂತಿರುವ ಇಬ್ಬರ ವಿರುದ್ಧ ನಾನು ಮತ ಹಾಕಿದ್ದೇನೆ, ಅದರ ಕಾರಣವನ್ನು ಮಂಡಳಿಗೆ ಪತ್ರದಲ್ಲಿ ಬರೆದು ಕಳುಹಿಸಿದ್ದೇನೆ.