ಖನಿಜ ಪೆಟ್ಟಿಗೆ, ಐದನೆಯ ವಾರ: ಕಲ್ಲೊಳಗಿನ ನೀರು

ಹದಿನಾರು ಖಾನೆಗಳಲ್ಲಿ ಒಂಬತ್ತು ತುಂಬಿದವು. ಪ್ರತಿ ಕಲ್ಲಿನ ಪಕ್ಕ ಅದು ಬಳಕೆಗೆ ಬಂದ ಮನೆಯ ವಸ್ತು ಇರಬೇಕೆಂದು ಮೊದಲೇ ನಿಯಮ ಮಾಡಿಕೊಂಡಿದ್ದೆ. ಕಾಗೆಬಂಗಾರದ ಜೊತೆ ಹಳೆಯ ಇಸ್ತ್ರಿಪೆಟ್ಟಿಗೆಯೊಳಗಿನ ಅಭ್ರಕದ ಹಾಳೆ, ಬೆಣಚುಕಲ್ಲಿನ ಜೊತೆ ನಿಂತುಹೋದ ಕ್ವಾರ್ಟ್ಜ್ ಗಡಿಯಾರ.

ಬಳಪದ ಕಲ್ಲಿನ (ಮೆತ್ತಗಿನ ಸೋಪ್‌ಸ್ಟೋನ್) ಖಾನೆ ಮಾತ್ರ ಮತ್ತೆ ಖಾಲಿಯಾಯಿತು. ಅಪ್ಪ ಧಾರವಾಡದಿಂದ ತಂದ ಬಳಪವನ್ನು ಪುಡಿ ಮಾಡಿ ವಿನೆಗರ್ ಹನಿಸಿದರೆ ಗುಳ್ಳೆ ಎದ್ದವು. ಅದು ಸುಣ್ಣಕಲ್ಲು! ಗೀಸರಿನೊಳಗಿಂದ ಕೆರೆದ ಬಿಳಿ ಪೊರೆಯೂ ಕ್ಯಾಲ್ಸಿಯಂ ಕಾರ್ಬೊನೇಟೇ. ಎರಡನ್ನೂ ಅದೇ ಕಾರ್ಬೊನೇಟಿನ ಖನಿಜವಾದ ಕ್ಯಾಲ್ಸೈಟಿನ ಖಾನೆಗೆ ಸೇರಿಸಿದೆ.

ಭಾನುವಾರ ವಾಘೋಲಿ ಕಡೆ ಪರಿಚಯದವರ ಹೊಲಕ್ಕೆ ಹೋಗಿದ್ದೆವು. ಬಾವಿ ತೋಡಿ ತೆಗೆದ ಕಲ್ಲಿನ ರಾಶಿಯಿತ್ತು. ಪುಣೆಯ ಸುತ್ತಲಿನ ಈ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಅದರಲ್ಲಿ ಅನಿಲದ ಗುಳ್ಳೆಗಳು ಬಿಟ್ಟುಹೋದ ಪೊಳ್ಳುಗಳಲ್ಲಿ ಆಮೇಲೆ ಖನಿಜ ಕರಗಿದ ನೀರು ಹರಿದು ಹರಳು ಕಟ್ಟಿದೆ. ಒಂದು ಪೊಳ್ಳಿನಲ್ಲಿ ತಿಳಿಗುಲಾಬಿ ಹರಳುಗಳು, ಥೇಟ್ ಜೋಳದ ಸಿವುಡು: ನಡು ಬಿಗಿದು ಎರಡೂ ತುದಿ ಬಿಚ್ಚಿಕೊಂಡಿವೆ. ಉಗುರಿಗೆ ಗೀರು ಬೀಳಲಿಲ್ಲ, ಚಾಕುವಿಗೆ ಬಿತ್ತು. ವಿನೆಗರಿಗೆ ಗುಳ್ಳೆಯಿಲ್ಲ. ಜಿಯೋಲೈಟ್ ಕುಲದ ಸ್ಟಿಲ್ಬೈಟ್ ಇರಬೇಕೆನಿಸಿತು.

ಸಾಸಿವೆಯಷ್ಟು ಚೂರನ್ನು ಒಣ ಪರೀಕ್ಷಾ ನಳಿಕೆಗೆ ಹಾಕಿ, ಕನ್ನಡಕ ಹಾಕಿಕೊಂಡು ಸ್ಪಿರಿಟ್ ದೀಪದ ಮೇಲೆ ಹಿಡಿದೆ. ಚೂರು ಉಬ್ಬಿತು. ನಳಿಕೆಯ ತಣ್ಣಗಿನ ಭಾಗದಲ್ಲಿ ಹನಿ ಕಟ್ಟಿತು.

"ಅಮ್ಮಾ, ಕಲ್ಲು ಬೆವರಾಕತ್ತೈತಿ!" ಅಂದಳು ಮಗಳು.

1756ರಲ್ಲಿ ಸ್ವೀಡನ್ನಿನ ಖನಿಜಶಾಸ್ತ್ರಜ್ಞ ಕ್ರೋನ್‌ಸ್ಟೆಟ್ ಇದನ್ನೇ ಕಂಡು 'ಕುದಿಯುವ ಕಲ್ಲು' ಎಂಬರ್ಥದ ಗ್ರೀಕ್ ಮಾತುಗಳಿಂದ ಜಿಯೋಲೈಟ್ ಎಂದು ಹೆಸರಿಟ್ಟ. ಆ ಹನಿಯನ್ನು ನಾನು ಬಹಳ ಹೊತ್ತು ನೋಡುತ್ತ ಕೂತೆ.

ಜಿಪ್ಸಮ್ಮಿನಲ್ಲೂ ನೀರಿದೆ. ಸುಮಾರು 150 ಡಿಗ್ರಿಗೆ ಕಾಸಿದರೆ ಮುಕ್ಕಾಲು ಪಾಲು ಹೋಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಆಗುತ್ತದೆ. ಅಲ್ಲಿ ಹರಳಿನ ಕಟ್ಟೇ ಬದಲಾಗುತ್ತದೆ. ಜಿಯೋಲೈಟನ್ನು ಹದವಾಗಿ ಕಾಸಿದರೆ ನೀರು ಹೋದರೂ ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕದ ಜಾಲರಿ ನಿಂತಿರುತ್ತದೆ, ಮತ್ತೆ ನೀರು ಹೀರುತ್ತದೆ. ಆ ಜಾಲರಿಯ ಓಣಿಗಳಲ್ಲೇ ಸೋಡಿಯಂ ಜಾಗ ಬಿಟ್ಟು ಗಡಸು ನೀರಿನ ಕ್ಯಾಲ್ಸಿಯಂ ಬಂದು ಕೂರುವುದು. ಬಟ್ಟೆ ತೊಳೆಯುವ ಎಷ್ಟೋ ಪುಡಿಗಳಿಗೆ ಕಾರ್ಖಾನೆಯಲ್ಲಿ ಮಾಡಿದ ಜಿಯೋಲೈಟ್ ಬೆರೆಸುವುದು ಇದಕ್ಕಾಗಿ. ನಮ್ಮ ಗೀಸರಿನಲ್ಲಿ ಪೊರೆ ಕಟ್ಟಿದ್ದೂ ಅದೇ ಕ್ಯಾಲ್ಸಿಯಂ.

ಹಾಗಾಗಿ ಹತ್ತನೆಯ ಖಾನೆಯಲ್ಲಿ ಸ್ಟಿಲ್ಬೈಟ್, ಪಕ್ಕದಲ್ಲಿ ಒಂದು ಚಿಟಿಕೆ ಸೋಪಿನ ಪುಡಿ. ಹರಳು ಪದರ ಪದರವಾಗಿ ಬಿಡುತ್ತದೆ. ಅಂಟಿಸದೆ ಹತ್ತಿಯ ಮೇಲೆ ಇಟ್ಟಿದ್ದೇನೆ. ಮುಂದಿನದು ಕಬ್ಬಿಣದ ಅದಿರಾದ ಹೆಮಟೈಟ್, ಜೊತೆಗೆ ಕಾವಿ. ಸಂಡೂರಿನಿಂದ ಒಂದು ತುಂಡು ತರುತ್ತೇನೆಂದು ಅಪ್ಪ ಹೇಳಿದ್ದಾರೆ.