ತೋಟದ ಕೆಲ್ಸನೂ ಎಕ್ಸ್‌ಪೀರಿಯೆನ್ಸೇ, ರೆಸ್ಯೂಮೆಲಿ ಬರೀರಿ

ಬೆಂಗಳೂರಲ್ಲಿ ಎಚ್‌ಆರ್ ಕೆಲಸ ಮಾಡಿ ಊರಿಗೆ ವಾಪಸ್ ಬಂದಿರೋಳು ಅಂತ ಸುತ್ತಮುತ್ತ ಗೊತ್ತಿರೋದ್ರಿಂದ ಕೊಡಗಿನ ಗೋಣಿಕೊಪ್ಪ, ವಿರಾಜಪೇಟೆ, ಸೋಮವಾರಪೇಟೆ ಕಡೆಯಿಂದ ಹುಡುಗ್ರು ಹುಡ್ಗೀರು ವಾಟ್ಸಾಪಲ್ಲಿ ಪಿಡಿಎಫ್ ಕಳಿಸ್ತಿರ್ತಾರೆ, ಅಕ್ಕಾ ಸ್ವಲ್ಪ ನೋಡಿ ಹೇಳಿ ಅಂತ. ತುಂಬಾ ರೆಸ್ಯೂಮೆಗಳಲ್ಲಿ ಎಕ್ಸ್‌ಪೀರಿಯೆನ್ಸ್ ಅನ್ನೋ ಜಾಗದಲ್ಲಿ ಫ್ರೆಶರ್ ಅಂತ ಒಂದೇ ಒಂದು ಪದ ಇರತ್ತೆ. ಫೋನ್ ಮಾಡಿ ಮಾತಾಡ್ಸಿದ್ರೆ ಗೊತ್ತಾಗತ್ತೆ, ಅಪ್ಪಂಗೆ ಹುಷಾರಿಲ್ದೆ ಇದ್ದಾಗ ಡಿಗ್ರಿ ಓದ್ತಾ ಓದ್ತಾನೇ ಕಾಫಿ ಕುಯ್ಲು ಪೂರ್ತಿ ನಡೆಸಿರ್ತಾನೆ, ಇಲ್ಲಾ ಅಮ್ಮನ ಜೊತೆ ಹೋಮ್‌ಸ್ಟೇ ನೋಡ್ಕೊಂಡು ಬುಕಿಂಗ್, ಅಡುಗೆ ಸಾಮಾನು, ಗೆಸ್ಟ್ ಎಲ್ಲಾ ಇವಳೇ ಸಂಭಾಳಿಸಿರ್ತಾಳೆ. ಅದನ್ನ ಯಾಕೆ ಬರ್ದಿಲ್ಲ ಅಂದ್ರೆ, ಅದು ಮನೆ ಕೆಲ್ಸ ಅಲ್ವಾ ಅಂತಾರೆ. ಈ ಮಾತು ಕೇಳ್ದಾಗೆಲ್ಲ ನಂಗೆ ತುಂಬಾ ಬೇಜಾರಾಗತ್ತೆ.

ಬರ್ದೋರೂ ಏನ್ ಬರೀತಾರೆ ಅಂದ್ರೆ, ಕುಟುಂಬದ ತೋಟದಲ್ಲಿ ಸಹಾಯ ಮಾಡ್ತಿದ್ದೆ ಅಂತ. ಸಹಾಯ ಅನ್ನೋ ಒಂದು ಮಾತೊಳಗೆ ಎಷ್ಟೆಲ್ಲಾ ಕೆಲ್ಸ ಮುಚ್ಚೋಗತ್ತೆ ನೋಡಿ. ಬೆಳಿಗ್ಗೆ ಆಳುಗಳ ಹಾಜರಿ ತಗೊಂಡು ಚೆಕ್‌ರೋಲಿಗೆ ಏರಿಸ್ಬೇಕು, ಇವತ್ತು ಯಾವ ಕಡೆ ಹಣ್ಣಾಗಿದೆ ಅಂತ ನೋಡಿ ಜನರನ್ನ ಹಂಚ್ಬೇಕು, ಸಂಜೆ ತಕ್ಕಡಿ ಪಕ್ಕ ನಿಂತು ಒಬ್ಬೊಬ್ರ ಚೀಲ ತೂಗಿ ಕೆಜಿ ಲೆಕ್ಕ ಬರೀಬೇಕು, ಅದ್ರಲ್ಲಿ ಒಂದು ಕೆಜಿ ಹೆಚ್ಚುಕಮ್ಮಿ ಆದ್ರೂ ಜಗಳ. ಅರೇಬಿಕಾ ಜಾತಿ ಕಾಫಿ ಆದ್ರೆ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಮೆಷಿನ್ ನಡೀಬೇಕು, ಕಣದಲ್ಲಿ ಒಣಗ್ತಿರೋ ಕಾಫಿ ಮೇಲೆ ಮೋಡ ಕವಿದ್ರೆ ಟಾರ್ಪಾಲು ಹಿಡ್ಕೊಂಡು ಓಡ್ಬೇಕು. ವಾರದ ಬಟವಾಡೆ, ಅಡ್ವಾನ್ಸ್ ಕಳೆಯೋದು, ಕೊನೆಗೆ ವ್ಯಾಪಾರಿ ಜೊತೆ ರೇಟು ಮಾತಾಡೋದು. ಕಂಪನಿಯೋರು ಇದನ್ನೇ ಪೇರೋಲು, ಇನ್ವೆಂಟರಿ, ಕ್ವಾಲಿಟಿ ಚೆಕ್, ನೆಗೋಶಿಯೇಷನ್ ಅಂತ ಕರೀತಾರೆ, ಅದಕ್ಕೆ ಸಂಬಳ ಕೊಟ್ಟು ಜನ ಇಟ್ಕೋತಾರೆ.

ಹಾಗಾದ್ರೆ ಹೇಗೆ ಬರೀಬೇಕು? ಗೂಗಲ್‌ನಲ್ಲಿ ಎಚ್‌ಆರ್ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೋ ಬಾಕ್ ಹೇಳಿದ ಒಂದು ಸೂತ್ರ ಇದೆ, ನಾನು ಎಲ್ರಿಗೂ ಅದನ್ನೇ ಹೇಳೋದು. ಏನು ಸಾಧಿಸಿದ್ರಿ, ಅದರ ಅಳತೆ ಎಷ್ಟು, ಯಾವ ರೀತಿ ಮಾಡಿದ್ರಿ, ಈ ಮೂರೂ ಒಂದೇ ಸಾಲಲ್ಲಿ ಬರ್ಬೇಕು. ಉದಾಹರಣೆಗೆ, "25 ಎಕರೆ ರೋಬಸ್ಟಾ ತೋಟದಲ್ಲಿ ಕುಯ್ಲಿನ ಸಮಯ 30 ಕೆಲಸಗಾರರ ಹಾಜರಿ, ತೂಕ ಮತ್ತು ವಾರದ ಬಟವಾಡೆ ನಿರ್ವಹಣೆ, ಪುಸ್ತಕದ ಲೆಕ್ಕವನ್ನು ಎಕ್ಸೆಲ್‌ಗೆ ತಂದು ಇಡೀ ದಿನ ಹಿಡಿಯುತ್ತಿದ್ದ ಬಟವಾಡೆ ಲೆಕ್ಕ ಎರಡು ಗಂಟೆಗೆ ಇಳಿಸಿದ್ದು." ಅಂಕಿ ನಾನು ಸುಮ್ನೆ ಹಾಕಿರೋದು, ನಿಮ್ಮ ಅಂಕಿ ನೀವು ಹಾಕಿ. ಐದೇ ಎಕರೆ ಇದ್ರೂ ಐದು ಅಂತಲೇ ಬರೀರಿ, ಓದೋರಿಗೆ ಬೇಕಾಗಿರೋದು ನಿಮ್ಮ ಕೈಲಿ ಎಷ್ಟು ಜವಾಬ್ದಾರಿ ಇತ್ತು ಅನ್ನೋ ಅಂದಾಜು. ಎಕ್ಸೆಲ್ ಮಾಡೇ ಇಲ್ವಾ, ಆ ಮಾತೇ ಬೇಡ, ಇಂಟರ್ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳ್ತೀರ.

ಇನ್ನೊಂದು, ಅದೇ ತೋಟದ ಕೆಲ್ಸನ ಎಲ್ಲಾ ಕಡೆಗೂ ಒಂದೇ ಥರ ಬರ್ದು ಕಳಿಸ್ಬೇಡಿ. ಅಕೌಂಟ್ಸ್ ಕೆಲಸಕ್ಕೆ ಹಾಕ್ತಿದ್ರೆ ಚೆಕ್‌ರೋಲು, ಬಟವಾಡೆ, ಗೊಬ್ಬರದ ಬಿಲ್ಲು ಮೇಲೆ ಬರ್ಲಿ. ಗೊಬ್ಬರ ಔಷಧಿ ಕಂಪನಿಲಿ ಫೀಲ್ಡ್ ಆಫೀಸರ್ ಕೆಲ್ಸಕ್ಕೆ ಹಾಕ್ತಿದ್ರೆ ಬಿಳಿ ಕಾಂಡಕೊರಕ ಹುಳು ಹೊಡೆದಿರೋ ಅರೇಬಿಕಾ ಗಿಡ ಹುಡುಕಿ ಕಿತ್ತು ಸುಟ್ಟಿದ್ದು, ಫೆಬ್ರವರಿ ಮಾರ್ಚಲ್ಲಿ ಕಾಫಿ ಹೂ ಅರಳಿಸೋ ಹೂಮಳೆ ಬರ್ದೆ ಇದ್ದಾಗ ರೋಬಸ್ಟಾಗೆ ಸ್ಪ್ರಿಂಕ್ಲರ್ ಹಾಕ್ಸಿದ್ದು, ಮರ ಕಪಾತು ಮಾಡ್ಸಿ ನೆರಳು ಹದ ಮಾಡಿದ್ದು, ಇವೆಲ್ಲ ಮೊದಲು ಬರ್ಬೇಕು. ಅಗ್ರಿ ಓದಿರೋ ಎಷ್ಟೋ ಜನ ಪುಸ್ತಕದಲ್ಲಿ ಮಾತ್ರ ನೋಡಿರೋದನ್ನ ನೀವು ಕಣ್ಣಾರೆ ನೋಡಿದೀರ, ಅದನ್ನ ಕೊನೇ ಪುಟದ ಕೊನೇ ಸಾಲಿಗೆ ತಳ್ಳೋದು ಅನ್ಯಾಯ.

ಎಸ್ಟೇಟ್ ರೈಟರ್ ಆಗಿ ಕೆಲ್ಸ ಮಾಡಿರೋರು ಕೊಡಗು ಚಿಕ್ಕಮಗಳೂರು ಬಿಟ್ಟು ಹೊರಗಡೆ ಅಪ್ಲೈ ಮಾಡೋದಾದ್ರೆ ಹುದ್ದೆ ಹೆಸರು ಇದ್ದಹಾಗೇ ಬರ್ದು ಪಕ್ಕದಲ್ಲೇ ತೋಟದ ಲೆಕ್ಕಪತ್ರ ಮತ್ತು ಕೆಲಸಗಾರರ ಮೇಲ್ವಿಚಾರಣೆ ಅಂತ ಸೇರ್ಸಿ. ಹುದ್ದೆ ಹೆಸರು ಮಾತ್ರ ಬದಲಾಯಿಸ್ಬೇಡಿ, ಮ್ಯಾನೇಜರ್ ಅಂತೆಲ್ಲ ಹಾಕ್ಬಿಟ್ರೆ ತೋಟದೋರಿಗೆ ಫೋನ್ ಮಾಡಿ ವಿಚಾರಿಸ್ದಾಗ ಕಷ್ಟ.

ಹೋಮ್‌ಸ್ಟೇ, ರೆಸಾರ್ಟ್ ಕೆಲಸದ್ದೂ ಇದೇ ಕತೆ. ಗೆಸ್ಟ್ ಹ್ಯಾಂಡ್ಲಿಂಗ್ ಅಂತ ಎರಡು ಪದ ಬರ್ದು ಮುಗಿಸ್ಬಿಡ್ತಾರೆ. ಎಷ್ಟು ರೂಮು, ಬುಕಿಂಗ್ ಯಾವ ವೆಬ್‌ಸೈಟಿಂದ ಬರ್ತಿತ್ತು, ಕ್ಯಾನ್ಸಲ್ ಆದ್ರೆ ಯಾರು ಮಾತಾಡ್ತಿದ್ರು, ಲಾಂಗ್ ವೀಕೆಂಡಲ್ಲಿ ಮಡಿಕೇರಿ ರೋಡೆಲ್ಲ ಜಾಮ್ ಆಗಿ ಗೆಸ್ಟು ರಾತ್ರಿ ಹನ್ನೊಂದಕ್ಕೆ ಬಂದಾಗ ಊಟ ಯಾರು ನೋಡ್ಕೊಂಡ್ರು, ಇವೆಲ್ಲ ವಿವರ ಬೇಕು. ಮಳೆಗಾಲದಲ್ಲಿ ಬರಪೊಳೆ ನದಿಲಿ ರಾಫ್ಟಿಂಗ್ ಗೈಡ್ ಆಗಿದ್ದೋನು ಒಬ್ಬ ರಾಫ್ಟಿಂಗ್ ಅನ್ನೋದನ್ನ ಹವ್ಯಾಸದ ಕೆಳಗೆ ಹಾಕಿದ್ದ! ಪ್ರತಿ ಟ್ರಿಪ್ಪಿಗೂ ಲೈಫ್ ಜಾಕೆಟ್ ಚೆಕ್ ಮಾಡಿ, ಸೇಫ್ಟಿ ವಿಷ್ಯ ಹೇಳಿಕೊಟ್ಟು, ಅಪರಿಚಿತರ ಜೀವ ಕಾಯೋ ಕೆಲ್ಸ ಅದು, ಎಕ್ಸ್‌ಪೀರಿಯೆನ್ಸಲ್ಲಿ ಮೊದಲನೇದಾಗಿ ಬರ್ಬೇಕು ಅಂತ ಹೇಳಿ ಬದಲಾಯಿಸ್ಸಿದೆ.

ಸೀಸನ್ ಕೆಲ್ಸ ಮಾಡೋರಿಗೆ ತಾರೀಕಿನ ಗೊಂದಲ ಇರತ್ತೆ, ಕುಯ್ಲಿಗೆ ಮೂರು ನಾಕು ತಿಂಗ್ಳು, ಆಮೇಲೆ ಏನೂ ಇಲ್ಲ. ಅದನ್ನ ತುಂಡು ತುಂಡಾಗಿ ಬರೀದೆ ಒಂದೇ ಎಂಟ್ರಿ ಮಾಡಿ, ಇಂತಾ ವರ್ಷದಿಂದ ಇಂತಾ ವರ್ಷದವರೆಗೆ, ಪ್ರತಿ ವರ್ಷ ಡಿಸೆಂಬರಿಂದ ಮಾರ್ಚ್, ಸೀಸನಲ್ ಅಂತ. ಅದೇ ತೋಟದೋರು ಮತ್ತೆ ಮತ್ತೆ ಕರ್ದಿದಾರೆ ಅನ್ನೋದು ಕೂಡಾ ಅಲ್ಲೇ ಕಾಣ್ಸತ್ತೆ, ಅದು ಒಳ್ಳೇದೇ.

2018ರ ಆಗಸ್ಟಲ್ಲಿ ಗುಡ್ಡ ಕುಸಿದು ಜೋಡುಪಾಲ, ಮಕ್ಕಂದೂರು ಕಡೆ ಅಷ್ಟೊಂದು ಜನ ಮನೆ ಕಳ್ಕೊಂಡಾಗ ಪರಿಹಾರ ಕೇಂದ್ರಗಳಲ್ಲಿ ಕಾಲೇಜು ಮಕ್ಳು ಎಷ್ಟು ದುಡಿದ್ರು ಅಂತ ನಾವೆಲ್ಲ ನೋಡಿದೀವಿ. ಬಂದ ಸಾಮಾನು ಲಿಸ್ಟ್ ಮಾಡೋದು, ಯಾವ ಕೇಂದ್ರಕ್ಕೆ ಅಕ್ಕಿ ಬೇಕು ಎಲ್ಲಿಗೆ ಕಂಬಳಿ ಬೇಕು ಅಂತ ಹಂಚೋದು, ಎಲ್ಲಾ ಮಾಡಿದ್ರು. ಸಂಬಳ ಇರ್ಲಿಲ್ಲ, ನಿಜ, ಅದಕ್ಕೇ ಸ್ವಯಂಸೇವೆ ಅಂತ ಬೇರೆ ಹೆಡ್ಡಿಂಗ್ ಹಾಕಿ ಬರೀರಿ, ಆದ್ರೆ ಬರೀರಿ. ಇದನ್ನ ಹೇಳ್ಕೊಳ್ಳೋಕೆ ಸಂಕೋಚ ಆಗತ್ತೆ ಅಂತಾರೆ ಕೆಲವ್ರು, ದುಃಖದ ಸಮಯದ್ದು ಅಂತ. ಆ ಸಂಕೋಚ ನಂಗೂ ಅರ್ಥ ಆಗತ್ತೆ, ಆದ್ರೆ ಕಷ್ಟ ಬಂದಾಗ ನೀವು ಹೇಗೆ ಕೆಲ್ಸ ಮಾಡ್ತೀರ ಅನ್ನೋದು ಕೆಲ್ಸ ಕೊಡೋರಿಗೆ ಗೊತ್ತಾಗ್ಬೇಕಲ್ವಾ.

ಆರ್ಮಿಯಿಂದ ರಿಟೈರ್ ಆಗಿ ಬಂದೋರ ರೆಸ್ಯೂಮೆ ನಮ್ಮಲ್ಲಿ ಬೇಕಾದಷ್ಟು. ಅದ್ರಲ್ಲಿ ರ್‍ಯಾಂಕು, ಯೂನಿಟ್ಟು, ಕೋರ್ಸಿನ ಶಾರ್ಟ್ ಫಾರ್ಮು ತುಂಬ್ಕೊಂಡಿರತ್ತೆ, ಸಿವಿಲಿಯನ್ ಓದಿದ್ರೆ ತಲೆಬುಡ ಗೊತ್ತಾಗಲ್ಲ. ಹವಾಲ್ದಾರ್ ಅಂತ ಬರ್ದಮೇಲೆ ಎಷ್ಟು ಜನ ನಿಮ್ಮ ಕೆಳಗಿದ್ರು, ಸ್ಟೋರ್ ನೋಡ್ಕೊಂಡಿದ್ರೆ ಸ್ಟಾಕ್ ಆಡಿಟ್ ಹೇಗೆ ನಡೀತಿತ್ತು, ಎಷ್ಟು ಗಾಡಿಗಳ ಮೇಂಟೆನೆನ್ಸ್ ನಿಮ್ದಿತ್ತು, ಎಷ್ಟು ಹೊಸಬರಿಗೆ ಟ್ರೈನಿಂಗ್ ಕೊಟ್ರಿ ಅಂತ ಸರಳವಾಗಿ ಬರ್ಕೊಳಿ. ಗೌಪ್ಯ ಇರೋ ವಿಷ್ಯ ಏನೂ ಬೇಡ.

ಭಾಷೆಗಳನ್ನೂ ಬಿಡ್ಬೇಡಿ. ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳ, ತುಳು, ಹಿಂದಿ, ಇಂಗ್ಲಿಷ್, ನಮ್ಮಲ್ಲಿ ನಾಕು ಭಾಷೆ ಮಾತಾಡೋದು ಯಾರಿಗೂ ದೊಡ್ಡ ವಿಷ್ಯ ಅನ್ಸಲ್ಲ, ಆದ್ರೆ ಕಸ್ಟಮರ್ ಸಪೋರ್ಟ್, ಸೇಲ್ಸ್, ಆಸ್ಪತ್ರೆ ಫ್ರಂಟ್ ಆಫೀಸ್, ಇಲ್ಲೆಲ್ಲ ಅದಕ್ಕೆ ಬೆಲೆ ಇದೆ. ಮಾತು ಮಾತ್ರ ಬರತ್ತಾ, ಓದೋಕೆ ಬರೆಯೋಕೂ ಬರತ್ತಾ ಅಂತ ಪಕ್ಕದಲ್ಲಿ ಹಾಕಿ.

ಮೊದಲು ಕಂಪನಿಲಿ ಕೆಲ್ಸ ಮಾಡಿದ್ದು, 2020ರಲ್ಲಿ ಕೊರೋನಾ ಟೈಮಲ್ಲಿ ಊರಿಗೆ ಬಂದು ಇಲ್ಲೇ ಉಳ್ಕೊಂಡೋರು ಆ ಗ್ಯಾಪನ್ನ ಮುಚ್ಚೋಕೆ ಹಳೇ ಕಂಪನಿ ತಾರೀಕು ಎಳೆದು ಉದ್ದ ಮಾಡ್ತಾರೆ, ದಯವಿಟ್ಟು ಬೇಡ. ಪಿಎಫ್ ಇದ್ದ ಕೆಲಸ ಆಗಿದ್ರೆ ಯುಎಎನ್ ಅನ್ನೋ ಪಿಎಫ್ ನಂಬರಿನ ಸರ್ವಿಸ್ ಹಿಸ್ಟರಿಲಿ ಸೇರಿದ ದಿನ ಬಿಟ್ಟ ದಿನ ದಾಖಲಾಗಿರತ್ತೆ, ಬ್ಯಾಕ್‌ಗ್ರೌಂಡ್ ಚೆಕ್ ಮಾಡೋರು ಅದನ್ನ ಕೇಳ್ತಾರೆ. ನೀವೇ ಒಂದ್ಸಲ ಲಾಗಿನ್ ಆಗಿ ನೋಡ್ಕೊಂಡು ಅದೇ ತಾರೀಕು ಹಾಕಿ, ಗ್ಯಾಪಲ್ಲಿ ಕುಟುಂಬದ ತೋಟ ನಡೆಸಿದ್ದೆ ಅಂತ ನೇರವಾಗಿ ಬರೀರಿ.

ಇನ್ನು ಡಿಸೈನು. ಇತ್ತೀಚಿನ ಕೆಲ್ಸ ಮೇಲೆ, ಹಳೇದು ಕೆಳಗೆ. ಎರಡು ಕಾಲಂ, ಬಣ್ಣದ ಬಾರ್ಡರ್, ಟೇಬಲ್ ಬೇಡ, ದೊಡ್ಡ ಕಂಪನಿಗಳಲ್ಲಿ ಮೊದಲು ಸಾಫ್ಟ್‌ವೇರ್ ಓದತ್ತೆ, ಅದಕ್ಕೆ ಕೆಲವು ಸಲ ಇವೆಲ್ಲ ಸರಿಯಾಗಿ ಓದಕ್ಕಾಗಲ್ಲ. ಅಪ್ಪನ ಹೆಸರು, ಜಾತಿ, ಮದುವೆ ಆಗಿದ್ಯಾ ಇಲ್ವಾ, ಖಾಸಗಿ ಕಂಪನಿಗೆ ಇದ್ಯಾವ್ದೂ ಬೇಡ, ಆ ಜಾಗ ಉಳಿದ್ರೆ ಕೆಲ್ಸದ ಬಗ್ಗೆ ಇನ್ನೆರಡು ಸಾಲು ಬರೀಬಹುದು.

ಇಂಗ್ಲಿಷಲ್ಲಿ ಬರೆಯೋಕೆ ಭಯ ಇರೋರಿಗೆ ನಾನು ಹೇಳೋದು, ಮೊದಲು ಫೋನಲ್ಲಿ ರೆಕಾರ್ಡ್ ಮಾಡ್ಕೊಳಿ, ಕನ್ನಡದಲ್ಲೋ ಕೊಡವದಲ್ಲೋ, ಕುಯ್ಲಿನ ಒಂದು ದಿನ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡ್ತೀರ ಅಂತ ಅಜ್ಜಿಗೆ ಹೇಳೋ ಥರ ಹೇಳಿ. ಆಮೇಲೆ ಅದನ್ನ ಕೇಳ್ಕೊಂಡು ಸಾಲು ಸಾಲಾಗಿ ಬರೀರಿ, ಇಂಗ್ಲಿಷ್ ತಿದ್ದೋಕೆ ಯಾರಾದ್ರೂ ಸಿಕ್ತಾರೆ, ನಾನೂ ಇದೀನಿ. ಮತ್ತೆ ಈ ಸಲದ ಕುಯ್ಲು ಮುಗಿದು ಚೆಕ್‌ರೋಲು, ತೂಕದ ಪುಸ್ತಕ ಅಟ್ಟ ಸೇರೋ ಮೊದಲೇ ಎಷ್ಟು ಜನ, ಎಷ್ಟು ಚೀಲ, ಎಷ್ಟು ದಿನ ಅಂತ ಬರ್ದಿಟ್ಕೊಳಿ, ಬೇರೆಯವರ ತೋಟ ಆಗಿದ್ರೆ ಮಾಲೀಕರ ಹತ್ರ ತಾರೀಕು, ಕೆಲ್ಸದ ವಿವರ ಹಾಕಿ ಸಹಿ ಮಾಡಿರೋ ಒಂದು ಲೆಟರ್ ಆವಾಗ್ಲೇ ಇಸ್ಕೊಳಿ.