ಮಹಡಿ ಮೇಲಿನ ನೆರಳು ಗಡಿಯಾರ: ಗೆರೆ ಹಾಕುವ ಹಂತ ಮುಗಿಯಿತು

ಕಡಪಾ ಕಲ್ಲು ಕೊನೆಗೂ ಮನೆಗೆ ಬಂತು. ದುಂಡಗೆ ಕತ್ತರಿಸಿದ್ದು, ಅಡ್ಡಳತೆ 40 ಸೆಂಟಿಮೀಟರ್. ಅಂಚನ್ನು ನಯವಾಗಿ ಉಜ್ಜಿ ಕೊಡಿ ಅಂತ ಅಂಗಡಿಯಲ್ಲಿ ಹೇಳಿದ್ದೆ, ಹಾಗೇ ಮಾಡಿಕೊಟ್ಟಿದ್ದಾರೆ. ಆ ಅಂಚು ಯಾಕೆ ಅಷ್ಟು ಮುಖ್ಯ ಅನ್ನೋದನ್ನು ಆಮೇಲೆ ಹೇಳುತ್ತೇನೆ.

ಮೊದಲು ನೆರಳು ಬೀಳಿಸುವ ಮುಳ್ಳು. 1 ಮಿಲಿಮೀಟರ್ ಅಲ್ಯೂಮಿನಿಯಂ ಹಾಳೆಯಲ್ಲಿ ಕತ್ತರಿಸಿದ ತ್ರಿಕೋನ ಇದು. ಇದರ ಇಳಿಜಾರು ಊರಿನ ಅಕ್ಷಾಂಶಕ್ಕೆ ಸಮ ಇರಬೇಕು, ಆಗ ಅದು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗುತ್ತದೆ. ಮೈಸೂರಿಗೆ 12.3 ಡಿಗ್ರಿ. ಬುಡ 20 ಸೆಂಟಿಮೀಟರ್ ಇಟ್ಟರೆ ಉತ್ತರದ ತುದಿಯ ಎತ್ತರ ಬರೀ 4.36 ಸೆಂಟಿಮೀಟರ್. ಜೈಪುರದ ಜಂತರ್ ಮಂತರ್‌ನಲ್ಲಿರುವ ದೈತ್ಯ ನೆರಳು ಗಡಿಯಾರ ಸಮ್ರಾಟ್ ಯಂತ್ರದ ಗೋಡೆ 27 ಡಿಗ್ರಿಯಲ್ಲಿ ಏರುತ್ತದೆ, ಲಂಡನ್ನಿನಲ್ಲಿ ಮುಳ್ಳು 51.5 ಡಿಗ್ರಿಗೆ ಎದ್ದು ನಿಲ್ಲಬೇಕು. ನಮ್ಮದು ನೆಲಕ್ಕೆ ಒರಗಿದ ಹಾಗೆ ಕಾಣುತ್ತದೆ. ನೋಡೋಕೆ ಅಷ್ಟೇನೂ ಗತ್ತಿಲ್ಲ, ಆದರೆ ಊರು ಇರೋದೇ ಅಲ್ಲಿ, ಏನು ಮಾಡೋಕಾಗುತ್ತೆ.

ಇನ್ನು ಗೆರೆಗಳು. ಸೂತ್ರ ಚಿಕ್ಕದು: ಅಕ್ಷಾಂಶದ ಸೈನ್ ಅನ್ನು ಗಂಟೆಕೋನದ (ನಡುಹಗಲಿನಿಂದ ಸೂರ್ಯ ಸರಿದ ಕೋನದ) ಟ್ಯಾನ್‌ನಿಂದ ಗುಣಿಸಿದರೆ ಗೆರೆಯ ಕೋನದ ಟ್ಯಾನ್ ಸಿಗುತ್ತದೆ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಹಾಗಾಗಿ ಮಧ್ಯಾಹ್ನ ಒಂದಕ್ಕೆ ಗಂಟೆಕೋನ 15, ಎರಡಕ್ಕೆ 30, ಹೀಗೆ.

ಲೆಕ್ಕ ಎಕ್ಸೆಲ್‌ನಲ್ಲಿ ಮಾಡಿದೆ. ಅಲ್ಲಿ ಸೈನ್, ಟ್ಯಾನ್ ಎಲ್ಲಕ್ಕೂ ಕೋನ ರೇಡಿಯನ್‌ನಲ್ಲೇ ಬೇಕು. ಅರ್ಧ ಸುತ್ತು ಅಂದರೆ 180 ಡಿಗ್ರಿ, ಅದೇ ಪೈ ರೇಡಿಯನ್. ಆದ್ದರಿಂದ ಡಿಗ್ರಿಯನ್ನು ಪೈನಿಂದ ಗುಣಿಸಿ 180ರಿಂದ ಭಾಗಿಸಬೇಕು. ಒಂದು ಡಿಗ್ರಿ ಸುಮಾರು 0.01745 ರೇಡಿಯನ್. ತಿರುಗಿಸಿ ನೋಡಿದರೆ ಒಂದು ರೇಡಿಯನ್ ಸುಮಾರು 57.3 ಡಿಗ್ರಿ. ಇದಕ್ಕೆಂದೇ ರೇಡಿಯನ್ಸ್, ಡಿಗ್ರೀಸ್ ಅನ್ನೋ ಎರಡು ಫಂಕ್ಷನ್‌ಗಳೂ ಇವೆ.

ಈ ಬದಲಾವಣೆ ಬಿಟ್ಟುಬಿಟ್ಟರೆ ಏನಾಗುತ್ತೆ ಅಂತ ಬೇಕಂತಲೇ ಇನ್ನೊಂದು ಕಾಲಂ ಮಾಡಿದೆ. 12.3 ಮತ್ತು 15 ಅನ್ನು ಹಾಗೇ ಕೊಟ್ಟರೆ ಗೆರೆಯ ಕೋನ 0.2216 ಬಂತು. ನೋಡೋಕೆ ಸಭ್ಯವಾಗಿದೆ! ಆದರೆ ಒಳಗೆ ನಡೆದಿರೋದೇ ಬೇರೆ. 12.3 ರೇಡಿಯನ್ ಅಂದರೆ ಹೆಚ್ಚುಕಮ್ಮಿ ಎರಡು ಪೂರ್ತಿ ಸುತ್ತು, ಅದರ ಸೈನ್ ಋಣ ಸಂಖ್ಯೆ. 15 ರೇಡಿಯನ್‌ನ ಟ್ಯಾನ್ ಕೂಡ ಋಣ. ಎರಡೂ ಗುಣಿಸಿಕೊಂಡು ಧನ ಆಗಿಬಿಟ್ಟಿವೆ. ಎರಡು ಗಂಟೆಯ ಸಾಲೂ ಧನವೇ. ಮೂರು ಗಂಟೆಗೆ ಬಂದಾಗ ಮಾತ್ರ ಮೈನಸ್ 0.403 ಅಂತ ಬಣ್ಣ ಬಯಲಾಯಿತು. ಮೊದಲ ಸಾಲು ನೋಡಿ ಸರಿಯಿದೆ ಅಂದುಕೊಳ್ಳುವವರಿಗೆ ಇದು ಒಳ್ಳೆ ಗುಂಡಿ. ಅದಕ್ಕೇ ನಾನು 45 ಡಿಗ್ರಿಯ ಟ್ಯಾನ್ ಅನ್ನು ಹಾಳೆಯ ಮೂಲೆಯಲ್ಲಿ ಒಂದು ಕಡೆ ಇಟ್ಟಿರುತ್ತೇನೆ. ಅದು 1 ತೋರಿಸಿದರೆ ಘಟಕ ಸರಿಯಿದೆ, 1.62 ತೋರಿಸಿದರೆ ಇಲ್ಲ.

ಸರಿಯಾದ ಕಾಲಂನ ಉತ್ತರಗಳನ್ನು ಡಿಗ್ರಿಗೆ ತಿರುಗಿಸಿದಾಗ ಒಂದು ಗಂಟೆಯ ಗೆರೆ 3.27ರಲ್ಲಿ, ಎರಡು 7.01, ಮೂರು 12.03, ನಾಲ್ಕು 20.25, ಐದು 38.49. ಆರು ಗಂಟೆ ನೇರ 90. ಅಂದರೆ ಹನ್ನೆರಡರಿಂದ ಐದರವರೆಗೆ ಐದೂ ಗಂಟೆಗಳು 39 ಡಿಗ್ರಿಯೊಳಗೆ ಒತ್ತಿಕೊಂಡು ಕೂತಿವೆ. ಐದರಿಂದ ಆರಕ್ಕೆ ಮಾತ್ರ 51 ಡಿಗ್ರಿಗೂ ಜಾಸ್ತಿ ಜಾಗ. ಸಮಭಾಜಕಕ್ಕೆ ಹತ್ತಿರದ ಊರಿನಲ್ಲಿ ಮಲಗಿಸಿದ ನೆರಳು ಗಡಿಯಾರದ ಹಣೆಬರಹವೇ ಇದು.

ಇಲ್ಲಿ ಕೆಲಸ ನಿಂತಿತು. ಜಾಮೆಟ್ರಿ ಬಾಕ್ಸಿನ ಕೋನಮಾಪಕದಲ್ಲಿ 3.27 ಡಿಗ್ರಿ ಗುರುತು ಮಾಡೋದು ಹೇಗೆ? ಅರ್ಧ ಡಿಗ್ರಿ ಹಿಡಿದರೆ ಅದೇ ದೊಡ್ಡದು. ದೊಡ್ಡ ಕೋನಮಾಪಕ ಪ್ರಿಂಟ್ ಹಾಕಿಸೋಣ ಅಂದುಕೊಂಡೆ. ಅಷ್ಟರಲ್ಲಿ ಕಣ್ಣು ಡಿಗ್ರಿಗೆ ತಿರುಗಿಸೋ ಮೊದಲಿನ ಕಾಲಂ ಮೇಲೆ ಬಿತ್ತು. ಒಂದು ಗಂಟೆಗೆ 0.0570. ರೇಡಿಯನ್ ಅಂದರೆ ಕಂಸದ ಉದ್ದವನ್ನು ತ್ರಿಜ್ಯದಿಂದ ಭಾಗಿಸಿದ್ದು ಅಷ್ಟೇ ಅಲ್ವಾ? ನನ್ನ ಕಲ್ಲಿನ ತ್ರಿಜ್ಯ 20 ಸೆಂಟಿಮೀಟರ್. 0.0570 ಗುಣಿಸು 20, ಅಂದರೆ 1.14 ಸೆಂಟಿಮೀಟರ್. ಹನ್ನೆರಡರ ಗುರುತಿನಿಂದ ಕಲ್ಲಿನ ಅಂಚಿನ ಮೇಲೇ 1.14 ಅಳೆದರೆ ಮುಗಿಯಿತು. ಕೋನಮಾಪಕ ಬೇಡ, ಡಿಗ್ರೀಸ್ ಫಂಕ್ಷನ್ನೂ ಬೇಡ. ಡಿಗ್ರಿಯ ಕಾಲಂ ಅಳಿಸಿಹಾಕಿದೆ.

ಬಟ್ಟೆ ಹೊಲಿಯುವವರ ಟೇಪನ್ನು ಅಂಚಿಗೆ ಸುತ್ತಿ ಅಂಟಿಸಿದೆ. ಗುರುತುಗಳು 1.14, 2.45, 4.20, 7.07, 13.43ಕ್ಕೆ ಬಂದವು. ಆರು ಗಂಟೆ 31.42ಕ್ಕೆ, ಅಂದರೆ ಸರಿಯಾಗಿ ಕಾಲು ಸುತ್ತು. ಬೆಳಗಿನ ಗಂಟೆಗಳು ಇದರದೇ ಕನ್ನಡಿ ಬಿಂಬ, ಪಶ್ಚಿಮದ ಕಡೆಗೆ. ಮುಳ್ಳಿನ ಇಳಿಜಾರು ಶುರುವಾಗುವ ತುದಿ ಕೂರುವುದು ಕಲ್ಲಿನ ನಡುಬಿಂದುವಿನಲ್ಲಿ, ಹಾಗಾಗಿ ಅಲ್ಲಿಂದ ಪ್ರತಿ ಗುರುತಿಗೂ ಸ್ಕೇಲ್ ಇಟ್ಟು ಗೆರೆ ಎಳೆದೆ.

ಉದ್ದದಲ್ಲಿ ಅಳೆದಾಗ ಇನ್ನೊಂದು ವಿಷಯವೂ ಸ್ಪಷ್ಟವಾಯಿತು. ಹನ್ನೆರಡು ಮತ್ತು ಒಂದರ ನಡುವೆ 1 ಮಿಲಿಮೀಟರ್ ಅಂದರೆ ಐದು ನಿಮಿಷಕ್ಕೂ ಜಾಸ್ತಿ. ಐದು ಮತ್ತು ಆರರ ನಡುವೆ ಸರಾಸರಿ 20 ಸೆಕೆಂಡ್. ನಡುಹಗಲಿನ ಗೆರೆಗಳನ್ನು ಅದಕ್ಕೇ ಸೂಜಿ ಮೊನೆಯಲ್ಲಿ ಗೀರಿದೆ. ಸಂಜೆಯವಕ್ಕೆ ಮಾರ್ಕರ್ ಪೆನ್ ಸಾಕು.

ಆರ್ಯಭಟನ ಜ್ಯಾ (ಸೈನ್ ಅನ್ನು ತ್ರಿಜ್ಯದಿಂದ ಗುಣಿಸಿದ್ದು) ಪಟ್ಟಿಯೂ ಇದೇ ದಾರಿಯದು. ಕ್ರಿ.ಶ. 499ರ ಆರ್ಯಭಟೀಯದ 24 ಜ್ಯಾಗಳಿಗೆ ಆಧಾರವಾದ ತ್ರಿಜ್ಯ 3438. ಸುಮ್ನೆ ಹಿಡಿದ ಸಂಖ್ಯೆ ಅಲ್ಲ ಅದು. ಪೂರ್ತಿ ಸುತ್ತಿನಲ್ಲಿ 21600 ಕಲೆಗಳು, ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗಗಳು. ಅದನ್ನು ಎರಡು ಪೈನಿಂದ ಭಾಗಿಸಿದರೆ 3437.75 ಬರುತ್ತದೆ. ಅಂದರೆ ಒಂದು ರೇಡಿಯನ್‌ನಲ್ಲಿರುವ ಕಲೆಗಳು. ಪರಿಧಿಗೆ ಯಾವ ಅಳತೆಯೋ ತ್ರಿಜ್ಯಕ್ಕೂ ಅದೇ. ಹಾಗಾಗಿಯೇ ಪಟ್ಟಿಯ ಮೊದಲ ಸಾಲಿನಲ್ಲಿ 225 ಕಲೆಯ ಕಂಸಕ್ಕೆ ಜ್ಯಾ ಕೂಡ 225. ನನ್ನ ಒಂದು ಗಂಟೆಯ ಗೆರೆಯಲ್ಲೂ ಹಾಗೇ: ಟ್ಯಾನ್ 0.0571, ಕೋನ 0.0570. ಡಿಗ್ರಿಯಲ್ಲಿ ಈ ಹೋಲಿಕೆ ಕಣ್ಣಿಗೇ ಬೀಳಲ್ಲ.

ಬಾಕಿ ಇರೋದು ಗಡಿಯಾರಕ್ಕೆ ಹೊಂದಿಸುವ ಪಟ್ಟಿ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, ಮೈಸೂರು 76.64ರಲ್ಲಿದೆ. ಡಿಗ್ರಿಗೆ 4 ನಿಮಿಷದಂತೆ ನೆರಳು ವರ್ಷವಿಡೀ ಸುಮಾರು 23.4 ನಿಮಿಷ ಹಿಂದೆ. ಅದರ ಮೇಲೆ ಭೂಮಿಯ ಓಟದ ಏರುಪೇರು ಬೇರೆ. ನವೆಂಬರ್ ಮೊದಲ ವಾರದಲ್ಲಿ ನೆರಳು 16 ನಿಮಿಷ ಮುಂದೆ ಇರುತ್ತದೆ, ಫೆಬ್ರವರಿ ನಡುವೆ 14 ನಿಮಿಷ ಹಿಂದೆ. ಹಾಗಾಗಿ ಕೂಡಿಸಬೇಕಾದ್ದು ನವೆಂಬರಿನಲ್ಲಿ 7 ನಿಮಿಷ, ಫೆಬ್ರವರಿಯಲ್ಲಿ 37ಕ್ಕೂ ಮೇಲೆ. ಇದರ ಸೂತ್ರವನ್ನು ಸಾಮಾನ್ಯವಾಗಿ 365 ದಿನಕ್ಕೆ 360 ಅಂತ ಡಿಗ್ರಿಯಲ್ಲಿ ಬರೆದಿರುತ್ತಾರೆ. ನಾನು 360 ತೆಗೆದು ಎರಡು ಪೈ ಹಾಕಿದ್ದೇನೆ. ಅಲ್ಲಿಗೆ ಬದಲಾಯಿಸುವ ಗೋಜೇ ಇಲ್ಲ.

ಪಟ್ಟಿಯನ್ನು ತಿಂಗಳಿಗೆ ಮೂರು ಸಾಲಿನಂತೆ ಕಲ್ಲಿನ ದಕ್ಷಿಣ ಭಾಗದಲ್ಲಿ ಬರೆಯಬೇಕು, ಅಲ್ಲಿ ಯಾವ ಗಂಟೆಯ ಗೆರೆಯೂ ಇಲ್ಲ. ಎನಾಮಲ್ ಪೇಂಟ್ ಬಿಸಿಲಿಗೆ ಎಷ್ಟು ತಾಳುತ್ತೆ ಅಂತ ಒಂದು ತುಂಡು ಕಲ್ಲಿನ ಮೇಲೆ ಬಳಿದು ಮಹಡಿ ಮೇಲೆ ಇಟ್ಟಿದ್ದೇನೆ. ಅದು ಬಿರುಕು ಬಿಡದಿದ್ದರೆ ಬರೆಯೋದು, ಬಿಟ್ಟರೆ ಕೆತ್ತಿಸೋದು.